ಬಾಲ್ಕನ್ ಪ್ರವಾಸವನ್ನು ಎರಡಾಗಿ ಒಡೆದಿದ್ದೇವೆ: ಯಾಕೆಂದು ತಿಳಿಸುವ ಪತ್ರ

ಆತ್ಮೀಯ ಪ್ರವಾಸಿ ಬಂಧುಗಳೇ,

ನಮಸ್ಕಾರ. ಈ ಹಿಂದೆ ನಮ್ಮೊಡನೆ ಬಾಲ್ಕನ್ ಪ್ರವಾಸಕ್ಕೆ ಬಂದವರಿಗೂ ಈ ಬೇಸಿಗೆಗೆ ಹೆಸರು ಬರೆಸಿ ಮುಂಗಡ ಕಟ್ಟಿರುವವರಿಗೂ ಈ ಪತ್ರ ಬರೆಯುತ್ತಿದ್ದೇನೆ. 2018ರಿಂದ ನಡೆಸಿಕೊಂಡು ಬಂದ ಕ್ರೊಯೇಷ್ಯಾ, ಬೋಸ್ನಿಯಾ, ಮಾಂಟೆನೆಗ್ರೊ, ಸರ್ಬಿಯಾ ಪ್ರವಾಸವನ್ನು ಇನ್ನು ಮುಂದೆ ಒಂದೇ ಪ್ಯಾಕೇಜಾಗಿ ಮಾಡುವುದಿಲ್ಲ. ಅದನ್ನು ಎರಡು ಮಾಡಿದ್ದೇವೆ. ಮೊದಲನೆಯದು ಒಂಬತ್ತು ದಿನದ್ದು. ಸ್ಲೊವೇನಿಯಾದ ಲ್ಯೂಬ್ಲಿಯಾನಾದಲ್ಲಿ ಶುರುವಾಗಿ ಝಾಗ್ರೆಬ್, ಪ್ಲಿಟ್ವಿಟ್ಸೆ ಸರೋವರಗಳು, ಸ್ಪ್ಲಿಟ್ ನೋಡಿಕೊಂಡು ಡುಬ್ರೊವ್ನಿಕ್‌ನಲ್ಲಿ ಮುಗಿಯುತ್ತದೆ. ಎರಡನೆಯದು ಹನ್ನೆರಡು ದಿನದ್ದು, ಬೋಸ್ನಿಯಾದ ಮೊಸ್ಟಾರ್ ಮತ್ತು ಮಾಂಟೆನೆಗ್ರೊದ ಕೊಟೋರ್ ಸೇರಿ. ಇದಕ್ಕೆ ಮಲ್ಟಿಪಲ್ ಎಂಟ್ರಿ, ಅಂದರೆ ಹಲವು ಸಲ ಒಳಗೆ ಬರಬಹುದಾದ, ಶೆಂಗೆನ್ ವೀಸಾ ಇದ್ದವರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ. ಶೆಂಗೆನ್ ಎಂದರೆ ತಮ್ಮೊಳಗಿನ ಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಇಲ್ಲದ, ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ದೇಶಗಳ ಗುಂಪು. ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್ ಎರಡರಲ್ಲೂ ಇಲ್ಲ.

ಕೆಲವರಿಗೆ ಬೇಸರವಾಗುತ್ತದೆಂದು ಗೊತ್ತು. ಕೊಟೋರ್ ಕೊಲ್ಲಿಯ ಫೋಟೊ ನೋಡಿಯೇ ಹೆಸರು ಬರೆಸಿದವರಿದ್ದಾರೆ. ಅದಕ್ಕೇ ಕಾರಣವನ್ನು ಬಿಡಿಸಿ ಹೇಳುತ್ತೇನೆ.

2023ರ ಜೂನ್‌ನಲ್ಲಿ ಡುಬ್ರೊವ್ನಿಕ್‌ನಿಂದ ಕೊಟೋರ್‌ಗೆ ಹೊರಟಿದ್ದ ನಮ್ಮ ಬಸ್ಸು ಕ್ರೊಯೇಷ್ಯಾದಿಂದ ಮಾಂಟೆನೆಗ್ರೊಗೆ ದಾಟುವ ಕರಸೊವಿಚಿ ಗಡಿಯ ಸಾಲಿನಲ್ಲಿ ನಿಂತಿತ್ತು. ಎಲ್ಲರ ಪಾಸ್‌ಪೋರ್ಟ್ ಹಿಡಿದು ನಾನು ಕಿಟಕಿಯ ಮುಂದಿದ್ದೆ. ಅಧಿಕಾರಿ ಒಂದೊಂದಕ್ಕೇ ಮುದ್ರೆ ಒತ್ತುತ್ತಾ ಬಂದು ಎರಡನ್ನು ಮಾತ್ರ ಪಕ್ಕಕ್ಕಿಟ್ಟರು. ವೀಸಾ ಚೀಟಿಯಲ್ಲಿ ಪ್ರವೇಶಗಳ ಸಂಖ್ಯೆ ಬರೆಯುವ ಜಾಗದ ಮೇಲೆ ಬೆರಳಿಟ್ಟು ತೋರಿಸಿದರು. ಉಳಿದವರದ್ದರಲ್ಲಿ ‘ಮಲ್ಟ್’ ಎಂದಿದ್ದರೆ ಈ ಎರಡರಲ್ಲಿ ‘01’ ಎಂದಿತ್ತು. ಈಗ ಹೊರಗೆ ಹೋದರೆ ವಾಪಸ್ ಬರುವಂತಿಲ್ಲ ಎಂದರು. ಅವರು ನಿವೃತ್ತ ಶಿಕ್ಷಕ ದಂಪತಿ. ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗಿ, ಅಲ್ಲಿಂದ ನೇರ ಬಂದು ನಮ್ಮನ್ನು ಸೇರಿಕೊಂಡಿದ್ದರು. ಅವರ ಮರಳು ವಿಮಾನ ಇದ್ದದ್ದೂ ಡುಬ್ರೊವ್ನಿಕ್‌ನಿಂದಲೇ. ಆಕೆ ಕೋಡುಬಳೆ ಡಬ್ಬಿಯನ್ನು ಸೀಟಿನ ಮೇಲೇ ಬಿಟ್ಟು, “ದಾರಿಯಲ್ಲಿ ನೀವೆಲ್ಲ ತಿನ್ನಿ” ಎಂದು ಹೇಳಿ ಬಸ್ಸಿಳಿದರು. ನಮ್ಮ ಹುಡುಗನೊಬ್ಬ ಟ್ಯಾಕ್ಸಿ ಮಾಡಿಸಿ ಅವರನ್ನು ಡುಬ್ರೊವ್ನಿಕ್‌ಗೆ ಕರೆದುಕೊಂಡು ಹೋಗಿ ಎರಡು ದಿನ ಜೊತೆಗಿದ್ದ.

ತಪ್ಪು ಪೂರ್ತಿ ನಮ್ಮದೇ. ನಮ್ಮ ಪಟ್ಟಿಯಲ್ಲಿ ‘ಶೆಂಗೆನ್ ವೀಸಾ ಇದೆ’ ಎಂದು ಟಿಕ್ ಹಾಕಿದ್ದೆವು. ಎಷ್ಟು ಪ್ರವೇಶದ್ದು ಎಂದು ನೋಡಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಇಂಥ ವೀಸಾ ಹಿಡಿದವರು ಕ್ರೊಯೇಷ್ಯಾದ ಬಾಗಿಲಲ್ಲೇ ತಡೆಯಲ್ಪಡುತ್ತಿದ್ದರು. ಆದರೆ 2023ರ ಜನವರಿ 1ರಂದು ಕ್ರೊಯೇಷ್ಯಾ ಶೆಂಗೆನ್ ವಲಯ ಸೇರಿತ್ತು. ಅದರಿಂದಾಗಿ ಅವರು ಜರ್ಮನಿಯಿಂದ ಯಾರೂ ತಡೆಯದೆ ಒಳಗೆ ಬಂದಿದ್ದರು, ಸಿಕ್ಕಿಕೊಂಡದ್ದು ಹೊರಗೆ ಹೋಗುವಾಗ. ದೇಶ ಬದಲಾಗಿತ್ತು, ನಮ್ಮ ಪಟ್ಟಿ ಹಳೆಯದೇ ಇತ್ತು.

ಫೋನ್ ಮಾಡುವ ಎಷ್ಟೋ ಮಂದಿ, “ಆ ದೇಶ ಯೂರೋಪಿಯನ್ ಒಕ್ಕೂಟದಲ್ಲಿದೆಯಾ ಇಲ್ವಾ, ಅಷ್ಟು ಹೇಳಿ” ಎಂದು ಕೇಳುತ್ತಾರೆ. ಅಷ್ಟಕ್ಕೆ ಉತ್ತರ ಕೊಟ್ಟರೆ ನಿಮಗೆ ದಾರಿ ತಪ್ಪುತ್ತದೆ. ಒಕ್ಕೂಟ ಒಂದು ಬಾಗಿಲು, ಶೆಂಗೆನ್ ಇನ್ನೊಂದು, ಯೂರೊ ಮತ್ತೊಂದು. ಕ್ರೊಯೇಷ್ಯಾ ಒಕ್ಕೂಟ ಸೇರಿದ್ದು 2013ರ ಜುಲೈ 1ರಂದು, ಉಳಿದ ಎರಡು ಬಾಗಿಲು ತೆರೆಯಲು ಇನ್ನೂ ಒಂಬತ್ತೂವರೆ ವರ್ಷ ಹಿಡಿಯಿತು. ಬಲ್ಗೇರಿಯಾ 2007ರಲ್ಲೇ ಒಳಗೆ ಹೋದರೂ ಅದರ ರಸ್ತೆ ಗಡಿಗಳಲ್ಲಿ ಶೆಂಗೆನ್ ಪೂರ್ತಿ ಜಾರಿಯಾದದ್ದು 2025ರ ಜನವರಿಯಲ್ಲಿ. ಮಾಂಟೆನೆಗ್ರೊ ಇದಕ್ಕೆ ತದ್ವಿರುದ್ಧ. ಒಕ್ಕೂಟದ ಸದಸ್ಯನಲ್ಲದಿದ್ದರೂ 2002ರಿಂದ ಅಲ್ಲಿ ಯೂರೊ ನೋಟೇ ನಡೆಯುತ್ತದೆ. ‘ಯೂರೊ ಇದ್ದ ಮೇಲೆ ಶೆಂಗೆನ್ ಇರಲೇಬೇಕು’ ಎಂದುಕೊಂಡು ಎಡವಿದವರನ್ನು ನಾನೇ ಕಂಡಿದ್ದೇನೆ.

ಇನ್ನು ಒಕ್ಕೂಟದ ಬಾಗಿಲಿನವರೆಗೆ ಹೋಗುವುದೇ ಎಷ್ಟು ಉದ್ದದ ದಾರಿ ಎಂಬುದಕ್ಕೆ ಕ್ರೊಯೇಷ್ಯಾದ ಕಥೆ ಕೇಳಿ. 2003ರ ಫೆಬ್ರವರಿಯಲ್ಲಿ ಅರ್ಜಿ ಹಾಕಿತು. ಆ ಬೇಸಿಗೆಯಲ್ಲಿ ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್‌ನಿಂದ ಒಂದು ಪ್ರಶ್ನಾವಳಿ ಬಂತು, ಅದರಲ್ಲಿ 4,560 ಪ್ರಶ್ನೆ. ನ್ಯಾಯಾಲಯ, ಬ್ಯಾಂಕು, ಮೀನುಗಾರಿಕೆ, ಗಡಿ ಕಾವಲು ಎಲ್ಲದರ ಮೇಲೂ. 2004ರ ಜೂನ್‌ನಲ್ಲಿ ‘ಅಭ್ಯರ್ಥಿ ರಾಷ್ಟ್ರ’ ಎಂಬ ಸ್ಥಾನ ಸಿಕ್ಕಿತು. ಮಾತುಕತೆ 2005ರ ಮಾರ್ಚ್‌ನಲ್ಲಿ ಶುರುವಾಗಬೇಕಿತ್ತು. ಆದರೆ ಯುದ್ಧಾಪರಾಧದ ಆರೋಪ ಹೊತ್ತು ತಲೆಮರೆಸಿಕೊಂಡಿದ್ದ ಜನರಲ್ ಆಂಟೆ ಗೊಟೊವಿನಾನನ್ನು ಹಿಡಿದುಕೊಡಲು ಅದು ಸಾಕಷ್ಟು ಸಹಕರಿಸುತ್ತಿಲ್ಲವೆಂದು ಅಕ್ಟೋಬರ್‌ವರೆಗೆ ತಡೆಹಿಡಿದರು. ಗೊಟೊವಿನಾ ಸಿಕ್ಕಿದ್ದು ಆ ಡಿಸೆಂಬರ್‌ನಲ್ಲಿ, ಸ್ಪೇನಿನ ಕೆನರಿ ದ್ವೀಪದಲ್ಲಿ. ಹೇಗ್‌ನ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಆತನನ್ನು ಖುಲಾಸೆ ಮಾಡಿತು.

ಮಾತುಕತೆ ಎಂದರೆ ಚೌಕಾಶಿ ಎಂದುಕೊಳ್ಳಬೇಡಿ. ಒಕ್ಕೂಟದ ಕಾನೂನುಗಳನ್ನು 35 ಅಧ್ಯಾಯ ಮಾಡಿ ಮುಂದಿಡುತ್ತಾರೆ. ಅಭ್ಯರ್ಥಿ ದೇಶ ಅವನ್ನು ತನ್ನ ಕಾನೂನಾಗಿ ಮಾಡಿಕೊಳ್ಳಬೇಕು, ಜಾರಿಯಾಗಿರುವುದನ್ನೂ ತೋರಿಸಬೇಕು. ಒಂದು ಅಧ್ಯಾಯ ತೆರೆಯುವುದಕ್ಕೂ ಮುಚ್ಚುವುದಕ್ಕೂ ಸದಸ್ಯ ರಾಷ್ಟ್ರಗಳೆಲ್ಲ ಒಪ್ಪಬೇಕು. ಒಬ್ಬರು ಬೇಡವೆಂದರೂ ಮುಗಿಯಿತು. ಪಿರಾನ್ ಕೊಲ್ಲಿಯ ಗಡಿ ಜಗಳದಿಂದಾಗಿ 2008ರ ಕೊನೆಯಿಂದ 2009ರವರೆಗೆ ತಿಂಗಳುಗಟ್ಟಲೆ ಸ್ಲೊವೇನಿಯಾ ಒಬ್ಬಂಟಿಯಾಗಿ ಕ್ರೊಯೇಷ್ಯಾದ ಕಡತವನ್ನು ತಡೆದು ಕೂತಿತ್ತು. ಕೊನೆಯ ಅಧ್ಯಾಯಗಳು ಮುಚ್ಚಿದ್ದು 2011ರ ಜೂನ್ 30ಕ್ಕೆ. ಡಿಸೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, 2012ರ ಜನವರಿಯಲ್ಲಿ ಜನಮತ ನಡೆದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ‘ಸೈ’ ಎಂದರು. ಆಮೇಲೂ ಪ್ರತಿ ಸದಸ್ಯ ದೇಶ ಅದನ್ನು ಅಂಗೀಕರಿಸುವವರೆಗೆ ಕಾಯಬೇಕಾಯಿತು. ಅರ್ಜಿ ಹಾಕಿ ಹತ್ತು ವರ್ಷ ದಾಟಿತ್ತು.

ನಮ್ಮ ಹಳೆಯ ಪ್ರವಾಸಿಗಳಿಗೆ ನೆಉಮ್ ನೆನಪಿರಬಹುದು. ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಸಮುದ್ರದಂಚಿನಲ್ಲಿ ಹೋಗುವಾಗ ಮಧ್ಯೆ ಒಂದಿಷ್ಟು ದೂರ ಬೋಸ್ನಿಯಾದ ನೆಲ ಬರುತ್ತದೆ. ಆ ತುಂಡು ದಾರಿಗಾಗಿ ಎರಡು ಸಲ ಗಡಿ ದಾಟಬೇಕಿತ್ತು. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಮತ್ತೆ ಪಾಸ್‌ಪೋರ್ಟ್ ತೆಗೆಯಿರಿ ಎನ್ನುತ್ತಿದ್ದೆ. 2022ರ ಜುಲೈ 26ರಂದು ಪೆಲ್ಯೆಶಾಟ್ಸ್ ಸೇತುವೆ ತೆರೆಯಿತು. ಉದ್ದ 2.4 ಕಿಲೋಮೀಟರ್. ಅದಕ್ಕೆ ಒಕ್ಕೂಟ ಕೊಟ್ಟದ್ದು 35.7 ಕೋಟಿ ಯೂರೊ. ಈಗ ಬಸ್ಸು ಬೋಸ್ನಿಯಾ ಮುಟ್ಟದೆ ಸಮುದ್ರದ ಮೇಲೇ ದಾಟಿ ಹೋಗುತ್ತದೆ. ಸ್ಪ್ಲಿಟ್‌ನಿಂದ ಬರುವವರ ಗಡಿ ತಾಪತ್ರಯ ತಪ್ಪಿಸಿದ್ದು ಈ ಸೇತುವೆಯೇ. ಇದು ಇಲ್ಲದಿದ್ದರೆ ಒಂದೇ ಪ್ರವೇಶದ ವೀಸಾದವರಿಗಾಗಿ ಒಂಬತ್ತು ದಿನದ ಪ್ರವಾಸ ಮಾಡುವುದು ಕಷ್ಟವಾಗುತ್ತಿತ್ತು. ಸ್ಲೊವೇನಿಯಾ, ಕ್ರೊಯೇಷ್ಯಾ ನಡುವಿನ ಗಡಿಯಲ್ಲಿ ಮಾತ್ರ 2023ರ ಅಕ್ಟೋಬರ್‌ನಿಂದ ಸ್ಲೊವೇನಿಯಾ ಮತ್ತೆ ತಾತ್ಕಾಲಿಕ ತಪಾಸಣೆ ಶುರುಮಾಡಿದೆ. ಪೊಲೀಸರು ಬಸ್ಸು ಹತ್ತಿದರೆ ಗಾಬರಿಯಾಗದೆ ಪಾಸ್‌ಪೋರ್ಟ್ ತೋರಿಸಿ. ಅದು ಇನ್ನೊಂದು ಪ್ರವೇಶವೆಂದು ಲೆಕ್ಕಕ್ಕೆ ಬರುವುದಿಲ್ಲ.

ಯೂರೊ ಬರುವ ಮುಂಚೆ ಕ್ರೊಯೇಷ್ಯಾದಲ್ಲಿ ನಡೆಯುತ್ತಿದ್ದ ಕೂನಾ ನಾಣ್ಯ ತಂದು ಮನೆಯಲ್ಲಿಟ್ಟುಕೊಂಡವರು ಅದನ್ನು ಜೋಪಾನವಾಗಿಡಿ. ಕೂನಾ ಎಂದರೆ ಅಲ್ಲಿಯ ಭಾಷೆಯಲ್ಲಿ ಮಾರ್ಟನ್ ಎಂಬ ಕಾಡುಪ್ರಾಣಿ, ನಮ್ಮ ಪಶ್ಚಿಮಘಟ್ಟದ ನೀಲಗಿರಿ ಮಾರ್ಟನ್ನಿನ ದಾಯಾದಿ. ಹಿಂದೆ ಅದರ ಚರ್ಮವನ್ನೇ ತೆರಿಗೆಯಾಗಿ ಕೊಡುತ್ತಿದ್ದರಂತೆ. ಈಗ ಕ್ರೊಯೇಷ್ಯಾದ ಒಂದು ಯೂರೊ ನಾಣ್ಯದ ಮೇಲೂ ಅದೇ ಪ್ರಾಣಿ ಇದೆ. ಮುಂದೆ ನಮ್ಮ ದರಪಟ್ಟಿಯನ್ನೆಲ್ಲ ಯೂರೊ ಲೆಕ್ಕದಿಂದಲೇ ರೂಪಾಯಿಗೆ ತಿರುಗಿಸುತ್ತೇವೆ.

ಬೆಲ್‌ಗ್ರೇಡ್ ಕೈಬಿಟ್ಟದ್ದಕ್ಕೂ ಮೂಲ ಒಕ್ಕೂಟ ಸೇರುವ ಇದೇ ದಾರಿಯಲ್ಲಿದೆ. 2017ರ ಸೆಪ್ಟೆಂಬರ್‌ನಿಂದ ಭಾರತೀಯರು ವೀಸಾ ಇಲ್ಲದೆ 30 ದಿನ ಸರ್ಬಿಯಾದಲ್ಲಿರಬಹುದಿತ್ತು. ಅದನ್ನು ನಂಬಿಯೇ ನಾವು ಬೆಲ್‌ಗ್ರೇಡ್ ಸೇರಿಸಿದ್ದು. ಸರ್ಬಿಯಾ 2012ರಿಂದ ಅಭ್ಯರ್ಥಿ ರಾಷ್ಟ್ರ. ಅಭ್ಯರ್ಥಿಯಾದವರು ತಮ್ಮ ವೀಸಾ ನೀತಿಯನ್ನು ಒಕ್ಕೂಟದ ನೀತಿಗೆ ಹೊಂದಿಸುತ್ತಾ ಬರಬೇಕು. ಸರ್ಬಿಯಾಕ್ಕೆ ವೀಸಾ ಇಲ್ಲದೆ ಬಂದು ಅಲ್ಲಿಂದ ಒಕ್ಕೂಟದ ದೇಶಗಳಿಗೆ ದಾಟುವವರು ಹೆಚ್ಚಿದಾಗ ಬ್ರಸೆಲ್ಸ್ ಒತ್ತಡ ಹಾಕಿತು, 2023ರ ಜನವರಿ 1ರಿಂದ ನಮಗಿದ್ದ ವಿನಾಯಿತಿ ಹೋಯಿತು. ಯಾರೋ ಕೆಲವರು ಮಾಡಿದ್ದಕ್ಕೆ ಪ್ರಾಮಾಣಿಕವಾಗಿ ಹೋಗಿ ಬರುವವರಿಗೆ ಬಾಗಿಲು ಮುಚ್ಚಿದ್ದು ನನಗೆ ಇವತ್ತಿಗೂ ನೋವಿನ ಸಂಗತಿ. ಬೆಲ್‌ಗ್ರೇಡಿನ ಕೋಟೆಯಿಂದ ಸಾವಾ ನದಿ ಡ್ಯಾನ್ಯೂಬ್ ಸೇರುವುದನ್ನು ನೋಡುತ್ತಾ ನಮ್ಮವರು ಸಂಜೆಯೆಲ್ಲ ಕೂತಿರುತ್ತಿದ್ದರು.

ಮಾಂಟೆನೆಗ್ರೊ ಈಗ ಈ ಸಾಲಿನ ಮುಂದಿದೆ. 2006ರಲ್ಲಿ ಸ್ವತಂತ್ರವಾದ ದೇಶ, ಜನಸಂಖ್ಯೆ ಆರು ಲಕ್ಷದ ಆಸುಪಾಸು. 2008ರಲ್ಲಿ ಅರ್ಜಿ ಹಾಕಿ 2012ರ ಜೂನ್‌ನಲ್ಲಿ ಮಾತುಕತೆಗೆ ಕೂತಿತು. ಕ್ರೊಯೇಷ್ಯಾದ ಅನುಭವದಿಂದ ಕಲಿತ ಒಕ್ಕೂಟ ಇವರಿಗೆ ನಿಯಮ ಬಿಗಿ ಮಾಡಿತು: ನ್ಯಾಯಾಂಗದ 23ನೇ ಅಧ್ಯಾಯವನ್ನೂ ಗಡಿ, ವೀಸಾ, ಪೊಲೀಸು ಬರುವ 24ನೇ ಅಧ್ಯಾಯವನ್ನೂ ಬೇಗ ತೆರೆದು ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು. ಮೂರನೇ ಅಧ್ಯಾಯ ಮುಚ್ಚಿದ್ದು 2017ರಲ್ಲಿ. ಅದಾದ ಮೇಲೆ ಏಳು ವರ್ಷ ಒಂದೂ ಮುಚ್ಚಲಿಲ್ಲ. 2024ರ ಡಿಸೆಂಬರ್‌ನಲ್ಲಿ ಒಂದೇ ಸಲಕ್ಕೆ ಮೂರು ಮುಚ್ಚಿದವು, ಆಮೇಲೆ ಕೆಲಸ ಚುರುಕಾಗಿದೆ. 2028ಕ್ಕೆ ಸದಸ್ಯರಾಗುತ್ತೇವೆ ಎಂಬುದು ಅಲ್ಲಿಯ ಸರ್ಕಾರದ ಗುರಿ. ಹಾಗಾದರೂ ಕರಸೊವಿಚಿಯ ಸಾಲು ಮರುದಿನವೇ ಮಾಯವಾಗುವುದಿಲ್ಲ, ಶೆಂಗೆನ್ ಬೇರೆಯೇ ಪರೀಕ್ಷೆ. ಬೋಸ್ನಿಯಾ ಇನ್ನೂ ಹಿಂದಿದೆ, ಅಭ್ಯರ್ಥಿ ಸ್ಥಾನ ಸಿಕ್ಕಿದ್ದೇ 2022ರ ಡಿಸೆಂಬರ್‌ನಲ್ಲಿ. ಆದ್ದರಿಂದ ಇನ್ನು ಕೆಲವು ವರ್ಷ ಹನ್ನೆರಡು ದಿನದ ಪ್ರವಾಸಕ್ಕೆ ಮಲ್ಟಿಪಲ್ ಎಂಟ್ರಿ ಬೇಕೇ ಬೇಕು.

ಈಗ ನೀವು ಮಾಡಬೇಕಾದ್ದು. ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ವೀಸಾಗೆ ಅರ್ಜಿ ಹಾಕಬಹುದು, ತಡಮಾಡಬೇಡಿ. ಹೆಚ್ಚು ರಾತ್ರಿ ಕಳೆಯುವ ದೇಶದ ಮೂಲಕವೇ ಅರ್ಜಿ ಹೋಗಬೇಕು, ನಮ್ಮ ಎರಡೂ ಪ್ರವಾಸಗಳಲ್ಲಿ ಅದು ಕ್ರೊಯೇಷ್ಯಾ. ದೊಡ್ಡವರ ವೀಸಾ ಶುಲ್ಕ 90 ಯೂರೊ. ಕಳೆದ ಮೂರು ವರ್ಷದಲ್ಲಿ ಎರಡು ಶೆಂಗೆನ್ ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ ಕೊಡುವ ವ್ಯವಸ್ಥೆ 2024ರ ಏಪ್ರಿಲ್‌ನಿಂದ ಭಾರತೀಯರಿಗಿದೆ, ಹಳೆಯ ಪಾಸ್‌ಪೋರ್ಟ್ ಎಸೆಯದೆ ತನ್ನಿ. ಗಡಿಯಲ್ಲಿ ಮುದ್ರೆಯ ಬದಲು ಮುಖದ ಫೋಟೊ ಮತ್ತು ಬೆರಳಚ್ಚು ತೆಗೆದುಕೊಳ್ಳುವ ಹೊಸ ಪದ್ಧತಿ 2025ರ ಅಕ್ಟೋಬರ್ 12ರಿಂದ ಶುರುವಾಗಿದೆ. ಅದಕ್ಕೆಂದೇ ಕೊಟೋರ್ ದಿನದ ಕಾರ್ಯಕ್ರಮದಲ್ಲಿ ಎರಡು ಗಂಟೆ ಬಿಡುವಿಟ್ಟಿದ್ದೇವೆ.

ಮುಂಗಡ ಕಟ್ಟಿದವರು ಎರಡರಲ್ಲಿ ಯಾವುದು ಬೇಕೆಂದು ತಿಂಗಳ ಕೊನೆಯೊಳಗೆ ತಿಳಿಸಿ. ಎರಡೂ ಬೇಡವಾದರೆ ಒಂದು ರೂಪಾಯಿಯನ್ನೂ ಹಿಡಿದುಕೊಳ್ಳದೆ ಹಣ ಹಿಂದಿರುಗಿಸುತ್ತೇವೆ. ವೀಸಾ ಕೈಗೆ ಬಂದ ದಿನ ಆ ಪುಟದ ಫೋಟೊ ತೆಗೆದು ಕಳಿಸಿ. ಪ್ರವೇಶಗಳ ಸಂಖ್ಯೆಯನ್ನು ಈಗ ನಮ್ಮಲ್ಲಿ ಇಬ್ಬರು ಬೇರೆಬೇರೆಯಾಗಿ ನೋಡಿ ಸಹಿ ಹಾಕುತ್ತೇವೆ. ಆ ಶಿಕ್ಷಕ ದಂಪತಿಗೆ ಈ ಸಲ ‘ಮಲ್ಟ್’ ವೀಸಾ ಬಂದಿದೆ. ಮೇ ತಿಂಗಳ ಹನ್ನೆರಡು ದಿನದ ತಂಡದಲ್ಲಿ ಮೊದಲ ಎರಡು ಸೀಟು ಅವರದು.

ಇತಿ ನಿಮ್ಮವರು,
ನಿಮ್ಮ ಪ್ರವಾಸ ಬಳಗ,
ಮೈಸೂರು