ಈ ವಾರದ ಇಂಗ್ಲಿಷ್ ಪದಗಳು ಕೋಟೆಯಿಂದ

ಸ್ನೇಹಿತರೇ, ನಮ್ಮ ಈ ಗುಂಪಿನಲ್ಲಿ ದಿನಕ್ಕೆ ಇಪ್ಪತ್ತು ಪದಗಳ ಪಟ್ಟಿ ಹಾಕುವುದನ್ನು ನಾಳೆಯಿಂದ ನಿಲ್ಲಿಸೋಣ. ಸುಮ್ನೆ ನೋಡುತ್ತೇವೆ, ಹೆಬ್ಬೆರಳು ಒತ್ತುತ್ತೇವೆ, ಸಂಜೆಗೆ ಮರೆಯುತ್ತೇವೆ. ಎರಡು ದಿನಕ್ಕೆ ಒಂದು ಪದ ಸಾಕು. ಆದರೆ ಅದು ಬಾಯಿಗೆ ಬರಬೇಕು.

ಈ ವಾರದ ಪದಗಳನ್ನು ನಮ್ಮ ಚಿತ್ರದುರ್ಗದ ಕೋಟೆ ನೆನೆದು ಆರಿಸಿದ್ದೇನೆ.

ಮೊದಲನೆಯದು 'ಇಂಪ್ರೆಗ್ನಬಲ್'. ದಾಳಿ ಮಾಡಿ ಹಿಡಿಯಲಾಗದ್ದು ಎಂದರ್ಥ. ಏಳು ಸುತ್ತಿನ ಕೋಟೆ ಹತ್ತಿದವರಿಗೆ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಆದರೆ 1779ರಲ್ಲಿ ಹೈದರಾಲಿ ಅದನ್ನು ಹಿಡಿದ. ಹಾಗಾಗಿ ವಾಕ್ಯದಲ್ಲಿ 'ಆಲ್ಮೋಸ್ಟ್ ಇಂಪ್ರೆಗ್ನಬಲ್' ಎಂದು ಬರೆದರೆ ಸರಿ. 'ಪ್ರೆಗ್ನೆಂಟ್' ಪದಕ್ಕೂ ಇದಕ್ಕೂ ನಂಟಿಲ್ಲ. ಇದು ಬಂದದ್ದು 'ಹಿಡಿ' ಎಂಬ ಅರ್ಥದ ಫ್ರೆಂಚ್ ಮಾತಿನಿಂದ.

ಎರಡನೆಯದು ನನಗೆ ತುಂಬಾ ಇಷ್ಟವಾದದ್ದು, 'ಇಂಟ್ರೆಪಿಡ್'. ಲ್ಯಾಟಿನ್‌ನಲ್ಲಿ 'ಟ್ರೆಪಿಡಸ್' ಎಂದರೆ ಗಾಬರಿಗೊಂಡ. ಅದರ ಮೊದಲು 'ಇನ್' ಸೇರಿದರೆ ಗಾಬರಿಯೇ ಇಲ್ಲದ. ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವನನ್ನು ನೆನೆಸಿಕೊಳ್ಳಿ, ಪದ ಮರೆಯುವುದಿಲ್ಲ. ಇದೇ ಬೇರಿನಿಂದ 'ಟ್ರೆಪಿಡೇಶನ್' ಕೂಡ ಬಂತು, ಅಂದರೆ ಅಳುಕು. ಇಂಟರ್‌ವ್ಯೂ ಬಾಗಿಲಲ್ಲಿ ನಮಗಾಗುತ್ತದಲ್ಲ, ಅದೇ.

ಮೂರನೆಯದು 'ವಿಜಿಲೆಂಟ್'. ಬತ್ತೇರಿಯ, ಅಂದರೆ ಕೋಟೆಯ ಬುರುಜಿನ, ಕಾವಲುಗಾರನ ಹಾಗೆ ಎಚ್ಚರವಾಗಿರುವ ಎಂದರ್ಥ.

ಪ್ರತಿ ಪದಕ್ಕೂ ರಾತ್ರಿ 9ರೊಳಗೆ ನಿಮ್ಮದೇ ಒಂದು ವಾಕ್ಯ ಹಾಕಿ. ಬರೆಯಲು ಆಗದಿದ್ದರೆ ವಾಯ್ಸ್ ಕಳಿಸಿ. ನಿಘಂಟಿನ ವಾಕ್ಯ ಕಾಪಿ ಮಾಡಬೇಡಿ. ತಪ್ಪಾದರೆ ಯಾರೂ ನಗಬಾರದು, ಸರಿಯಾದದ್ದನ್ನು ಕೆಳಗೆ ಬರೆದರೆ ಸಾಕು. ಭಾನುವಾರ ಅರ್ಥ ಮಾತ್ರ ಹಾಕುತ್ತೇನೆ, ಪದ ನೀವು ಹೇಳಬೇಕು.