ಬೀಳ್ಕೊಡುಗೆ ಆದ ಮೇಲಿನ ಸುದ್ದಿಯನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪ್ರತಿ ತಿಂಗಳ ಕೊನೆಗೆ ನಿವೃತ್ತರ ಬೀಳ್ಕೊಡುಗೆ ಫೋಟೊ ಬರುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಅವರ ಹೆಸರು ಕಾಣುವುದು ನಿಧನ ವಾರ್ತೆಯಲ್ಲೇ. ನಡುವೆ ಇಪ್ಪತ್ತು, ಇಪ್ಪತ್ತೈದು ವರ್ಷ ಇರುತ್ತದೆ ಅಲ್ವಾ? ಆ ವರ್ಷಗಳ ಸುದ್ದಿಗೂ ವಾರಕ್ಕೊಮ್ಮೆ ಸ್ವಲ್ಪ ಜಾಗ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು 1979ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿದವಳು. ಕುಮಟಾ, ಅಂಕೋಲಾ, ಶಿರಸಿಯಲ್ಲೆಲ್ಲ ಆಗಲೇ ಡಿಗ್ರಿ ಕಾಲೇಜು ಇದ್ದವು. ಮುಂದೆ ಓದಬೇಕೆಂದರೆ ಮಾತ್ರ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಧಾರವಾಡದ ಬಸ್ಸು ಹಿಡಿಯಬೇಕಿತ್ತು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಆ ಕ್ಯಾಂಪಸ್ಸಿನಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಮಾತಾಡುತ್ತಿದ್ದೆವು. ಈ ವರ್ಷ ಅವರಲ್ಲಿ ಸಿಕ್ಕಷ್ಟು ಜನ, ಓದು ಮುಗಿದ ಮೇಲೆ ಬದುಕು ಹೇಗಾಯಿತು, ಈಗ ಹೇಗಿದೆ ಎಂದು ಒಂದೊಂದು ಪುಟ ಬರೆದು ಹಂಚಿಕೊಂಡೆವು. ಓದುತ್ತಾ ಹೋದ ಹಾಗೆ, ಇದು ನಮ್ಮ ನಡುವೆಯೇ ಉಳಿಯುವ ವಿಷಯ ಅಲ್ಲ ಅನ್ನಿಸಿತು.

ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿದ್ದ ಗೆಳೆಯ 2017ರಲ್ಲಿ ನಿವೃತ್ತನಾದ. ಅಲ್ಲಿನ ಮೊದಲನೇ ಘಟಕ 962 ದಿನ ನಿಲ್ಲದೆ ಓಡಿ 2018ರಲ್ಲಿ ವಿಶ್ವದಾಖಲೆ ಮಾಡಿತು. ಆ ಓಟ ಶುರುವಾದದ್ದು 2016ರ ಮೇ ತಿಂಗಳಲ್ಲಿ, ಇವನು ಇನ್ನೂ ಡ್ಯೂಟಿಯಲ್ಲಿದ್ದಾಗ. ದಾಖಲೆಯ ದಿನ ಎಲ್ಲರಿಗೂ ಫೋನ್ ಮಾಡಿ ಹೇಳಿದನಂತೆ. ಈಗ ಇರುವುದು ಬೆಂಗಳೂರಿನಲ್ಲಿ. ಊರು ಬೇಡವಾಗಿ ಹೋದವನಲ್ಲ. ಹೃದಯದ ತೊಂದರೆ ಇದೆ. ರಾತ್ರಿ ಹೆಚ್ಚುಕಮ್ಮಿ ಆದರೆ ಊರಿನಿಂದ ಮಣಿಪಾಲವೋ ಗೋವಾವೋ ಹುಬ್ಬಳ್ಳಿಯೋ ಎಂದು ಯೋಚಿಸುತ್ತಾ ಕೂರಲು ಧೈರ್ಯ ಇಲ್ಲ ಎಂದು ಬರೆದಿದ್ದಾನೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಯುವಕರು ಎಷ್ಟು ಕೂಗಿದರು! ಓದಿದ ಹಿರಿಯರು ಊರು ಬಿಟ್ಟು ಹೋಗುವುದಕ್ಕೂ ಆ ಕೂಗಿಗೂ ಸಂಬಂಧ ಇದೆ.

ಸಿಂಡಿಕೇಟ್ ಬ್ಯಾಂಕಿನಲ್ಲಿದ್ದವನು ಈಗ ಕುಮಟಾದಲ್ಲಿದ್ದಾನೆ. 2020ರ ಏಪ್ರಿಲ್ 1ಕ್ಕೆ ಬ್ಯಾಂಕು ಕೆನರಾದ ಜೊತೆ ವಿಲೀನವಾಯಿತು, ಹಳೆಯ ಬೋರ್ಡು ಇಳಿಯಿತು. ಆ ದಿನ ತುಂಬಾ ಬೇಜಾರಾಯಿತಂತೆ. ನವೆಂಬರ್ ಬಂತೆಂದರೆ ಅವನ ಮನೆಗೆ ಪಿಂಚಣಿದಾರರು ಬರುತ್ತಾರೆ. ಬೆರಳಿನ ಗೆರೆ ಸವೆದು ಯಂತ್ರಕ್ಕೆ ಹತ್ತದವರಿಗೆ, ಮೊಬೈಲಿನಲ್ಲಿ ಮುಖ ತೋರಿಸಿಯೇ, ಬದುಕಿದ್ದೇವೆ ಎಂದು ಪಿಂಚಣಿಗೆ ಕೊಡುವ ಜೀವನ ಪ್ರಮಾಣ ಪತ್ರ ಮಾಡಿಕೊಡುತ್ತಾನೆ. ಹೀಗೂ ಆಗುತ್ತದೆ ಎಂದು ಎಷ್ಟೋ ಹಿರಿಯರಿಗೆ ಇನ್ನೂ ಗೊತ್ತಿಲ್ಲ. ಸಿದ್ದಾಪುರದ ಕಡೆ ಪ್ರಾಧ್ಯಾಪಕನಾಗಿದ್ದ ಇನ್ನೊಬ್ಬ ತೋಟ ನೋಡಿಕೊಂಡಿದ್ದಾನೆ. ದಿನಾ ಮಳೆ ಅಳೆದು ಬರೆದಿಡುತ್ತಾನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮೊದಲು ಅಕ್ಕಪಕ್ಕದವರು ಅವನ ಪುಸ್ತಕ ನೋಡಿ ಹೋಗುತ್ತಾರೆ.

ನನ್ನನ್ನು ಜಾಸ್ತಿ ಕಾಡಿದ ಪುಟಗಳು ಬೇರೆಯವು.

ಒಬ್ಬ ಹುಬ್ಬಳ್ಳಿಯ ಖಾಸಗಿ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿದವನು. ನಮ್ಮಲ್ಲೇ ಜಾಣ. ಅವನ ಪಿಂಚಣಿ ಈಗ ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಭವಿಷ್ಯ ನಿಧಿಯ ಪಿಂಚಣಿ ಯೋಜನೆ ಶುರುವಾದದ್ದೇ 1995ರಲ್ಲಿ. ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಮಿತಿ ಇದೆ. ತುಟ್ಟಿಭತ್ಯೆ ಇಲ್ಲವೇ ಇಲ್ಲ. ಕನಿಷ್ಠ ಪಿಂಚಣಿ 2014ರಲ್ಲಿ ಸಾವಿರ ರೂಪಾಯಿ ಆದದ್ದು ಇಂದಿಗೂ ಅಲ್ಲೇ ನಿಂತಿದೆ. ನಾನು ದೂರವಾಣಿ ಇಲಾಖೆಗೆ ಸೇರಿದವಳು. 2000ದಲ್ಲಿ ಅದು ಬಿಎಸ್‌ಎನ್‌ಎಲ್ ಆಯಿತು. ಆದರೂ ಇಲಾಖೆಯಿಂದ ಬಂದವರಿಗೆ ಸರ್ಕಾರದ ಪಿಂಚಣಿ ಉಳಿಯಿತು. ಇಬ್ಬರದೂ ಒಂದೇ ಡಿಗ್ರಿ, ಒಂದೇ ವರ್ಷ. 22ನೇ ವಯಸ್ಸಿನಲ್ಲಿ ಯಾವ ಕೆಲಸದ ಆರ್ಡರ್ ಮೊದಲು ಕೈಗೆ ಬಂತು ಅನ್ನುವುದರ ಮೇಲೆ ಇಂದು ಅವನ ಮನೆಯ ಔಷಧಿ ಖರ್ಚು ನಿಂತಿದೆ. ಇದನ್ನು ಈಗ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಓದಬೇಕು. ಸಂಬಳ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅರವತ್ತಾದ ಮೇಲೆ ಏನು ಬರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಇನ್ನು ಅಂಕೋಲೆಯ ಗೆಳತಿ. ಎಂ.ಎಸ್ಸಿ.ಯಲ್ಲಿ ನನಗಿಂತ ಹೆಚ್ಚು ಅಂಕ ಅವಳಿಗೆ. ಮದುವೆಯಾದ ಮನೆಯಲ್ಲಿ ಕೆಲಸಕ್ಕೆ ಕಳಿಸಲಿಲ್ಲ. ಎಲ್ಲರೂ ಬರೆದರೂ ಅವಳ ಪುಟ ಬರಲಿಲ್ಲ. ಫೋನ್ ಮಾಡಿದೆ. "ನಾನು ಏನು ಬರೀಲೇ? ಕೆಲಸವೇ ಇಲ್ಲದವಳಿಗೆ ನಿವೃತ್ತಿ ಎಲ್ಲಿಂದ ಬರಬೇಕು?" ಎಂದಳು. ಅವಳ ಜಗುಲಿಯಲ್ಲಿ ಎಷ್ಟೋ ವರ್ಷಗಳಿಂದ ಎಸ್ಸೆಸ್ಸೆಲ್ಸಿ ಮಕ್ಕಳು ಗಣಿತ ಕಲಿಯುತ್ತಿದ್ದಾರೆ. ಫೀಸು ತೆಗೆದುಕೊಂಡವಳಲ್ಲ. ಮೀನುಗಾರರ ಮಕ್ಕಳು, ಹಾಲಕ್ಕಿ ಒಕ್ಕಲಿಗರ ಮಕ್ಕಳು ಅಲ್ಲಿ ಕಲಿತು ಪಾಸಾಗಿ ಹೋಗಿದ್ದಾರೆ. ಶಾಲು ಹೊದಿಸಿದವರು ಯಾರೂ ಇಲ್ಲ. ಯಾವ ಕಚೇರಿಯ ಪಟ್ಟಿಯಲ್ಲೂ ಅವಳ ಹೆಸರಿಲ್ಲ. ನಮ್ಮ ಕಾಲದಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಇಂಥವರು ತಾಲ್ಲೂಕಿಗೆ ಎಷ್ಟು ಜನ ಇದ್ದಾರೋ!

ಆದ್ದರಿಂದ ನನ್ನ ಕೋರಿಕೆ ಇಷ್ಟು. ಹಳೆಯ ಪದವೀಧರರು ತಮ್ಮ ಬದುಕನ್ನು ತಾವೇ ಬರೆದು ಕಳಿಸುವ ಒಂದು ಸಣ್ಣ ಅಂಕಣ ಶುರು ಮಾಡಿ. ದೊಡ್ಡ ಹುದ್ದೆಯವರಿಗೇ ಮೀಸಲು ಮಾಡಬೇಡಿ. ಕಡಿಮೆ ಪಿಂಚಣಿಯವರು, ಪಿಂಚಣಿಯೇ ಇಲ್ಲದವರು, ನೌಕರಿಗೇ ಹೋಗದವರು ಮೊದಲು ಬರೆಯಲಿ. ಜಿಲ್ಲೆಯ ಕಾಲೇಜುಗಳಿಗೂ ಒಂದು ಮಾತು. ಹಳೆ ವಿದ್ಯಾರ್ಥಿಗಳ ಪಟ್ಟಿಯನ್ನು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷಕ್ಕೆ ಮಾತ್ರ ಸಿದ್ಧಮಾಡದೆ, ಪ್ರತಿ ವರ್ಷ ಅವರಿಗೆ ಒಂದು ಕಾಗದ ಬರೆಯಿರಿ.

ಅಂಕೋಲೆಯ ಗೆಳತಿ ಈಗ ಬರೆಯಲು ಒಪ್ಪಿದ್ದಾಳೆ. ನೀವು ಹೂಂ ಅಂದರೆ ಮುಂದಿನ ವಾರವೇ ಅವಳ ಪುಟ ನಿಮ್ಮ ಕಾರವಾರ ಕಚೇರಿಗೆ ತಲುಪಿಸುತ್ತೇನೆ.

ನಿವೃತ್ತ ದೂರವಾಣಿ ಅಧಿಕಾರಿ,
ಕಾರವಾರ