ಮೀಮ್‌ಗೂ ಒಂದು ಕಾಕು ಇರುತ್ತದೆ

ಮಾನ್ಯರೇ,

ಚುನಾವಣೆ ಹತ್ತಿರ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ಹೆಚ್ಚುತ್ತದೆ. ‘ಜಾಲತಾಣದಲ್ಲಿ ಮೀಮ್‌ ವೈರಲ್‌’, ‘ನಾಯಕರ ಕಾಲೆಳೆದ ನೆಟ್ಟಿಗರು’ ಎಂಬ ತಲೆಬರಹ, ಕೆಳಗೆ ಎರಡು ಮೂರು ಚಿತ್ರ, ಅಲ್ಲಿಗೆ ಸುದ್ದಿ ಮುಗಿಯಿತು. ರಾಜಕಾರಣಿಯ ಭಾಷಣವನ್ನು ವರದಿ ಮಾಡುವಾಗ ಎಲ್ಲಿ, ಯಾವಾಗ, ಯಾವ ಸಂದರ್ಭದಲ್ಲಿ ಆಡಿದ ಮಾತು ಎಂದು ಬರೆಯುವ ವರದಿಗಾರರು ಮೀಮ್‌ ವಿಷಯಕ್ಕೆ ಬಂದಾಗ ಇದೆಲ್ಲವನ್ನೂ ಬಿಟ್ಟುಬಿಡುತ್ತಾರೆ. ಮೀಮ್‌ನ ಅರ್ಥ ಇರುವುದೇ ಆ ಬಿಟ್ಟ ವಿವರಗಳಲ್ಲಿ.

ಇದನ್ನು ಓದಲು ಬೇಕಾದ ಸಲಕರಣೆ ನಮ್ಮ ಕಾವ್ಯಮೀಮಾಂಸೆಯ ತರಗತಿಯಲ್ಲೇ ಇದೆ. 11ನೇ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಮಮ್ಮಟ, ವ್ಯಂಗ್ಯಾರ್ಥ, ಅಂದರೆ ನೇರವಾಗಿ ಹೇಳದೆ ಸೂಚಿಸುವ ಅರ್ಥ, ಯಾವುದರ ಬಲದಿಂದ ಹೊಳೆಯುತ್ತದೆ ಎಂದು ಹೇಳುತ್ತ ಒಂದು ಪಟ್ಟಿ ಕೊಡುತ್ತಾನೆ: ಹೇಳುವವರು, ಕೇಳುವವರು, ಕಾಕು, ವಾಕ್ಯ, ವಾಚ್ಯ (ನೇರ ಅರ್ಥ), ಅನ್ಯಸನ್ನಿಧಿ, ಪ್ರಸ್ತಾವ (ಸಂದರ್ಭ), ದೇಶ (ಜಾಗ), ಕಾಲ. ಕಾಕು ಎಂದರೆ ದನಿಯ ತಿರುವು. ಅನ್ಯಸನ್ನಿಧಿ ಎಂದರೆ ಮೂರನೆಯವರ ಇರುವಿಕೆ. ಮಗಳ ಮೇಲಿಟ್ಟು ಸೊಸೆಗೆ ಹೇಳುವ ಅತ್ತೆಯ ಮಾತಿನ ಹಾಗೆ, ಎದುರಿಗಿರುವವರಿಗೆ ಹೇಳಿದಂತೆ ಮಾಡಿ ಪಕ್ಕದವರಿಗೆ ಮುಟ್ಟಿಸುವುದು. ರಾಜಕೀಯ ಮೀಮ್‌ಗಳ ಮಟ್ಟಿಗೆ ಈ ಒಂಬತ್ತರಲ್ಲಿ ಕಾಕು ಮತ್ತು ಅನ್ಯಸನ್ನಿಧಿ ಇವೆರಡೂ ಮುಖ್ಯ ಕೀಲಿಗಳು ಎಂಬುದು ನಮ್ಮ ಅಭಿಪ್ರಾಯ.

‘ನಿಖಿಲ್‌ ಎಲ್ಲಿದ್ದೀಯಪ್ಪ’ ಎಂಬುದನ್ನೇ ನೋಡಿ. 2016ರಲ್ಲಿ ಮಗನ ಮೊದಲ ಸಿನಿಮಾದ ಸಮಾರಂಭದ ವೇದಿಕೆಯಿಂದ ಎಚ್‌.ಡಿ. ಕುಮಾರಸ್ವಾಮಿ ಕೇಳಿದ ಪ್ರಶ್ನೆ ಅದು. ಜನರ ನಡುವಿನಿಂದ ಮಗ ಉತ್ತರ ಕೊಡುತ್ತಾರೆ. ಅಲ್ಲಿ ಕಾಕು ಅಕ್ಕರೆಯದು. ಮೂರು ವರ್ಷ ಸುಮ್ಮನೆ ಬಿದ್ದಿದ್ದ ಆ ತುಣುಕು 2019ರಲ್ಲಿ, ನಿಖಿಲ್‌ ಮಂಡ್ಯ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿದಾಗ ಎದ್ದು ಕುಳಿತಿತು. ವಾಕ್ಯದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಪ್ರಸ್ತಾವ ಬದಲಾಯಿತು, ಕಾಲ ಬದಲಾಯಿತು, ಕಾಕು ತಿರುಗಿತು. ‘ಅಪ್ಪ’ ಎಂಬ ಎರಡಕ್ಷರವನ್ನು ಕಿವಿಗೊಟ್ಟು ಕೇಳಬೇಕು. ಕನ್ನಡದಲ್ಲಿ ತಂದೆಯೂ ಅಪ್ಪ, ಹಿರಿಯರು ಮಗನನ್ನು ಮುದ್ದಿನಿಂದ ಕರೆಯುವುದೂ ‘ಏನಪ್ಪ, ಬಾರಪ್ಪ’ ಎಂದೇ. ಅಜ್ಜ, ತಂದೆ, ಮಗ ಮೂರೂ ತಲೆಮಾರು ರಾಜಕಾರಣದಲ್ಲಿರುವ ಮನೆಯ ಬಗ್ಗೆ ಆ ಒಂದು ಪ್ರತ್ಯಯ ಇಡೀ ಟೀಕೆಯನ್ನು ಹೊತ್ತುಕೊಂಡುಬಿಟ್ಟಿತು. ಇಂಗ್ಲಿಷ್‌ ಸುದ್ದಿತಾಣಗಳು ಇದನ್ನು ‘ನಿಖಿಲ್‌, ನೀನೆಲ್ಲಿದ್ದೀಯ’ ಎಂಬಷ್ಟಕ್ಕೇ ಅನುವಾದಿಸಿದವು. ‘ಅಪ್ಪ’ ಉದುರಿಹೋದ ಮೇಲೆ ಉಳಿಯುವುದು ಕಾಣೆಯಾದವರ ವಿಚಾರಣೆ ಮಾತ್ರ.

ಇಲ್ಲಿ ಪ್ರಶ್ನೆ ಮೇಲ್ನೋಟಕ್ಕೆ ಮಗನಿಗೆ, ಮುಟ್ಟುವುದು ತಂದೆಗೆ, ನಗಬೇಕಾದವರು ಮತದಾರರು. ಅನ್ಯಸನ್ನಿಧಿ ಎಂದರೆ ಇದೇ. ಆದರೆ ವಿಮರ್ಶಾ ಸಿದ್ಧಾಂತ ಇಲ್ಲಿಗೆ ನಿಲ್ಲುವುದಿಲ್ಲ. ನಗು ಯಾವುದನ್ನು ಮರೆಮಾಡಿತು ಎಂದೂ ಕೇಳುತ್ತದೆ. ಆ ಚುನಾವಣೆಯಲ್ಲಿ 1.25 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದ ಸುಮಲತಾ ಅವರೂ ರಾಜಕಾರಣಕ್ಕೆ ಬಂದದ್ದು ಅಂಬರೀಶ್‌ ಅವರ ಪತ್ನಿಯಾಗಿ. ಕುಟುಂಬ ರಾಜಕಾರಣ ಎಂಬ ವ್ಯವಸ್ಥೆಯನ್ನು ಮೀಮ್‌ ಒಬ್ಬ ಯುವಕನ ಹೆಸರಿಗೆ ಅಂಟಿಸಿತು. ಉಳಿದ ಮನೆತನಗಳು, ಉಳಿದ ಪಕ್ಷಗಳು ಆ ನಗುವಿನಿಂದ ಪಾರಾದವು. ಹೀಗೆ ಇತಿಹಾಸ ಕಟ್ಟಿದ ವ್ಯವಸ್ಥೆಯೊಂದು ಸಹಜವೆಂಬಂತೆ ಕಾಣಿಸುವ ಹಾಗೆ ಮಾಡುವುದನ್ನೇ ಫ್ರೆಂಚ್‌ ಚಿಂತಕ ರೋಲಾಂ ಬಾರ್ತ್‌ 1950ರ ದಶಕದಲ್ಲಿ ಫ್ರಾನ್ಸಿನ ಜಾಹೀರಾತು, ಪತ್ರಿಕೆಯ ಮುಖಪುಟಗಳಲ್ಲಿ ಗುರುತಿಸಿ, ‘ಪುರಾಣ’ ಎಂದು ಕರೆದದ್ದು.

ಎರಡನೆಯ ಉದಾಹರಣೆ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಕಾಂಗ್ರೆಸ್‌ ಅಂಟಿಸಿದ ‘ಪೇ ಸಿಎಂ’ ಪೋಸ್ಟರ್‌. ಎಳನೀರು ಗಾಡಿಯಿಂದ ಹಿಡಿದು ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ಎಲ್ಲೆಡೆ ಕಾಣುವ ಪಾವತಿ ಚೀಟಿಯ ಅಚ್ಚು ಅದು. ಕ್ಯೂಆರ್‌ ಕೋಡ್‌ನೊಳಗೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ, ಜೊತೆಗೆ ‘ಇಲ್ಲಿ 40% ಸ್ವೀಕರಿಸಲಾಗುತ್ತದೆ’ ಎಂಬ ಅರ್ಥದ ಇಂಗ್ಲಿಷ್‌ ಸಾಲು. ಇದರ ವಾಚ್ಯಾರ್ಥ ಒಂದು ಅಂಗಡಿಯ ಸೂಚನೆ. ಲಕ್ಷಣೆಯಿಂದ, ಅಂದರೆ ನೇರ ಅರ್ಥ ಹೊಂದದಿದ್ದಾಗ ಅದಕ್ಕೆ ಸಂಬಂಧಿಸಿದ ಇನ್ನೊಂದು ಅರ್ಥ ಹಿಡಿಯುವುದರಿಂದ, ಮುಖ್ಯಮಂತ್ರಿಯ ಕುರ್ಚಿ ಗಲ್ಲಾಪೆಟ್ಟಿಗೆಯಾಗುತ್ತದೆ. ವ್ಯಂಗ್ಯಾರ್ಥಕ್ಕೆ ಬರಬೇಕಾದರೆ 40 ಎಂಬ ಅಂಕಿಯ ಹಿನ್ನೆಲೆ ಗೊತ್ತಿರಬೇಕು: ಕಾಮಗಾರಿಗಳಲ್ಲಿ ಶೇ 40ರಷ್ಟು ಕಮಿಷನ್‌ ಕೇಳಲಾಗುತ್ತಿದೆ ಎಂದು ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಮಾಡಿದ ಆರೋಪ. ಅದು ತಿಳಿಯದವರಿಗೆ ಪೋಸ್ಟರ್‌ ಅರ್ಧ ಮಾತ್ರ ಓದಿಸಿಕೊಳ್ಳುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಆರೋಪ ಎಂಬ ಪದ ಪೋಸ್ಟರ್‌ನಲ್ಲಿ ಇಲ್ಲ. ಅಂಗಡಿಯ ಚೀಟಿಯಲ್ಲಿ ‘ಎಂದು ಹೇಳಲಾಗಿದೆ’ ಎಂದು ಯಾರೂ ಬರೆಯುವುದಿಲ್ಲವಲ್ಲ! ಅಚ್ಚನ್ನು ಎರವಲು ಪಡೆದಾಗ ಅದರ ಖಚಿತತೆಯೂ ಪುಕ್ಕಟೆ ಸಿಕ್ಕಿತು. ಮೀಮ್‌ ವರದಿ ಮಾಡುವವರು ಮೊದಲು ಹಿಡಿಯಬೇಕಾದ ಎಳೆ ಇದು.

ಅಚ್ಚಿಗೆ ಪಕ್ಷವಿಲ್ಲ ಎಂಬುದೂ ಮರುವರ್ಷವೇ ಕಂಡಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಬಿಜೆಪಿಯವರು ಕೃಷಿ ಸಚಿವ ಚಲುವರಾಯಸ್ವಾಮಿ ಅವರ ವಿರುದ್ಧ ‘ಪೇ ಸಿಎಸ್‌’ ಎಂದು ಅದನ್ನೇ ತಿರುಗಿಸಿ ಬಿಟ್ಟರು. ಇಲ್ಲಿಂದ ಒಂದು ಉಪಯುಕ್ತ ಪರೀಕ್ಷೆ ಸಿಗುತ್ತದೆ. ಯಾವುದೇ ರಾಜಕೀಯ ಮೀಮ್‌ನಲ್ಲಿ ಮುಖವನ್ನು ಕಿತ್ತು ಎದುರು ಪಕ್ಷದವರ ಮುಖ ಇಟ್ಟು ನೋಡಿ. ಹಾಸ್ಯ ನಿಂತರೆ ಅದು ಅಧಿಕಾರದ ಬಗ್ಗೆ ಮಾತಾಡುತ್ತಿದೆ. ಕುಸಿದುಬಿದ್ದರೆ ಅದು ಆ ವ್ಯಕ್ತಿಯ ಜಾತಿ, ಲಿಂಗ, ಮೈಬಣ್ಣ, ಉಚ್ಚಾರಣೆ ಇವುಗಳಲ್ಲಿ ಯಾವುದರ ಮೇಲೆ ನಿಂತಿತ್ತು ಎಂದು ಹುಡುಕಬೇಕು. ಮಹಿಳಾ ರಾಜಕಾರಣಿಗಳ ಬಗೆಗಿನ ಮೀಮ್‌ಗಳಲ್ಲಿ ಈ ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ನೀತಿಯ ಟೀಕೆಯಂತೆ ಕಾಣುವುದು ಎಷ್ಟೋ ಸಲ ಮುಖ ಬದಲಿಸಿದ ಕ್ಷಣವೇ ಬಣ್ಣ ಕಳಚುತ್ತದೆ.

‘ಇದು ಜನರ ನಗು, ಬಾಖ್ತಿನ್‌ ಹೇಳಿದ ಕಾರ್ನಿವಲ್‌’ ಎಂದು ಎಲ್ಲ ಟ್ರೋಲ್‌ಗೂ ಚೀಟಿ ಅಂಟಿಸುವುದು ವಿದ್ಯಾರ್ಥಿಗಳು, ಕೆಲವೊಮ್ಮೆ ಅಂಕಣಕಾರರು ಕೂಡ, ಮಾಡುವ ತಪ್ಪು. ರಷ್ಯಾದ ಚಿಂತಕ ಬಾಖ್ತಿನ್‌ ಹೇಳಿದ ಈ ಕಾರ್ನಿವಲ್‌ನ, ಅಂದರೆ ಜಾತ್ರೆಯ, ನಗುವಿನಲ್ಲಿ ನಗುವವರು ತಮ್ಮನ್ನೂ ಸೇರಿಸಿಕೊಂಡು ನಗುತ್ತಾರೆ. ತಾನು ಮೇಲೆ ನಿಂತು ಇನ್ನೊಬ್ಬರನ್ನು ನಗೆಗೀಡು ಮಾಡುವುದನ್ನು ಅವನು ಅದರಿಂದ ಬೇರೆಯಾಗಿಯೇ ಇಟ್ಟಿದ್ದಾನೆ. ಪಕ್ಷದ ಐಟಿ ವಿಭಾಗದಲ್ಲಿ ಸಂಬಳಕ್ಕೆ ತಯಾರಾದದ್ದು ಜಾತ್ರೆಯ ನಗುವಲ್ಲ, ಎಷ್ಟೇ ಜನ ಅದನ್ನು ಹಂಚಿದರೂ.

ಇನ್ನು ಓದುಗರ ಕಡೆ. 1973ರಲ್ಲಿ ಬ್ರಿಟನ್ನಿನ ಸಂಸ್ಕೃತಿ ಚಿಂತಕ ಸ್ಟುವರ್ಟ್‌ ಹಾಲ್‌, ಟಿವಿಯ ಸಂದೇಶವನ್ನು ನೋಡುಗರು ಮೂರು ಬಗೆಯಲ್ಲಿ ಬಿಡಿಸಿಕೊಳ್ಳಬಹುದು ಎಂದರು: ಕಳಿಸಿದವರ ಇಷ್ಟದಂತೆ, ಅರ್ಧ ಒಪ್ಪಿ ಅರ್ಧ ಚೌಕಾಸಿ ಮಾಡಿ, ಇಲ್ಲವೇ ಪೂರ್ತಿ ಎದುರು ನಿಂತು. 2019ರಲ್ಲಿ ‘ಚೌಕಿದಾರ್‌ ಚೋರ್‌ ಹೈ’ (ಕಾವಲುಗಾರನೇ ಕಳ್ಳ) ಎಂಬ ಕಾಂಗ್ರೆಸ್‌ ಘೋಷಣೆಗೆ ಮಾರ್ಚ್‌ ತಿಂಗಳಲ್ಲಿ ಪ್ರಧಾನಿ ಟ್ವಿಟರ್‌ನಲ್ಲಿ ತಮ್ಮ ಹೆಸರಿನ ಮೊದಲಿಗೇ ‘ಚೌಕಿದಾರ್‌’ ಎಂದು ಸೇರಿಸಿಕೊಂಡು ಉತ್ತರ ಕೊಟ್ಟದ್ದು ಮೂರನೆಯ ಬಗೆ. ದೇಶ ಬದಲಾದರಂತೂ ಅರ್ಥ ತಲೆಕೆಳಗಾಗುತ್ತದೆ. ಅಮೆರಿಕದ ವ್ಯಂಗ್ಯಚಿತ್ರಕಾರ ಮ್ಯಾಟ್‌ ಫ್ಯೂರಿ 2005ರಲ್ಲಿ ಬರೆದ ಪೆಪೆ ಎಂಬ ಕಪ್ಪೆಯ ಚಿತ್ರವನ್ನು ಅಲ್ಲಿನ ದ್ವೇಷವಿರೋಧಿ ಸಂಘಟನೆ ಆಂಟಿ ಡಿಫಮೇಷನ್‌ ಲೀಗ್‌ 2016ರಲ್ಲಿ ದ್ವೇಷಚಿಹ್ನೆಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಹಾಂಗ್‌ಕಾಂಗ್‌ನ ಪ್ರಜಾಪ್ರಭುತ್ವ ಹೋರಾಟಗಾರರು ಅದೇ ಕಪ್ಪೆಯನ್ನು ತಮ್ಮ ಗುರುತಾಗಿ ಹಿಡಿದರು.

ಸುದ್ದಿಮನೆಯಲ್ಲಿ ಇದಕ್ಕೆ ಬೇಕಾದ ಕೆಲಸ ಅರ್ಧ ಗಂಟೆಯದು. ಗೂಗಲ್‌ ಲೆನ್ಸ್‌ ಅಥವಾ ಟಿನ್‌ಐನಲ್ಲಿ ಚಿತ್ರ ಹಾಕಿ ಹಳೆಯ ಪ್ರತಿ ಹುಡುಕಬೇಕು. ಮೊದಲು ಮೇಲಿನ ಬರಹವನ್ನು ಕತ್ತರಿಸಿ ಚಿತ್ರವಷ್ಟನ್ನೇ ಹಾಕಿ. ಬರಹ ಸಮೇತ ಹಾಕಿದರೆ ಅದೇ ಮೀಮ್‌ನ ನಕಲುಗಳೇ ಎದುರಿಗೆ ಬಂದು ಮೂಲ ಕೆಳಗೆ ಹೂತುಹೋಗುತ್ತದೆ. ಮೂಲೆಯಲ್ಲಿ ಪುಟದ ಗುರುತು ಇದೆಯೇ, ಉಜ್ಜಿ ಅಳಿಸಿದ ಕಲೆ ಇದೆಯೇ ನೋಡಬೇಕು. ವಿಡಿಯೊ ಆದರೆ ಕತ್ತರಿಸಿದ ತುಣುಕಿನ ಹಿಂದುಮುಂದಿನ ಒಂದೆರಡು ನಿಮಿಷ ಕೇಳಲೇಬೇಕು, ಕಾಕು ಇರುವುದು ಅಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಾಣದ ಗುರುತು ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಕಳಿಸಿದವರನ್ನು ಕರ್ತೃ ಎಂದು ಬರೆಯಬಾರದು. ‘ವೈರಲ್‌’ ಎಂಬ ಪದವನ್ನೂ ಕೈಬಿಟ್ಟರೆ ಒಳ್ಳೆಯದು. ಸೋಂಕು ತಾನಾಗಿ ಹರಡುತ್ತದೆ. ಮೀಮ್‌ ಅನ್ನು ಒಬ್ಬರು ಮಾಡುತ್ತಾರೆ, ಒಬ್ಬರು ಒತ್ತಿ ಕಳಿಸುತ್ತಾರೆ. ಜಾತಿ ಅಥವಾ ಹೆಣ್ಣಿನ ಹೀಯಾಳಿಕೆಯ ಚಿತ್ರಗಳನ್ನು ಅಚ್ಚು ಹಾಕದೆ ಮಾತಿನಲ್ಲೇ ವಿವರಿಸಿದರೆ ಸಾಕು.

ಅಚ್ಚು ಹಾಕುವ ಉಳಿದ ಮೀಮ್‌ಗಳ ಕೆಳಗೆ ಎರಡು ಸಾಲಿನ ಅಡಿಬರಹ ಕೊಡಬೇಕೆಂದು ವಿನಂತಿ. ಮಂಡ್ಯದ ಮೀಮ್‌ಗೆ ಅದು ಹೀಗಿರಬಹುದಿತ್ತು: ‘ಮೂಲ: 2016ರ ಸಿನಿಮಾ ಸಮಾರಂಭದ ವಿಡಿಯೊ. ಮತ್ತೆ ಹರಿದಾಡಿದ್ದು: 2019ರ ಲೋಕಸಭಾ ಚುನಾವಣೆಯಲ್ಲಿ. ಮೀಮ್‌ನಲ್ಲಿ ಬಿಟ್ಟ ಭಾಗ: ಮಗನ ಉತ್ತರ.’

– ಸಂಸ್ಕೃತಿ ಅಧ್ಯಯನದ ಇಬ್ಬರು ಅಧ್ಯಾಪಕರು, ಮೈಸೂರು